ಟಿಕಿಂಟರ್‌ನಲ್ಲಿ ಎರಡನೇ ವಿಂಡೋ: ತೆರೆಯುವುದರಿಂದ ಮುಚ್ಚುವವರೆಗೆ

ನಾನು ಹಿಂದೆ ಬರೆದ ಒಂದು ಪ್ರೋಗ್ರಾಂನಲ್ಲಿ ಸೆಟ್ಟಿಂಗ್ಸ್ ಬಟನ್ ಇತ್ತು. ಒತ್ತಿದರೆ ಇನ್ನೊಂದು ವಿಂಡೋ ತೆರೆಯುತ್ತಿತ್ತು. ಅದನ್ನು ಬಳಸುತ್ತಿದ್ದ ಸ್ನೇಹಿತರೊಬ್ಬರು ಒಂದು ದಿನ, "ನಾನು ಬದಲಾಯಿಸಿದ್ದೆಲ್ಲ ತಾನಾಗೇ ಹಳೇದಕ್ಕೆ ಹೋಗ್ತಿದೆ" ಅಂದರು. ಪಕ್ಕದಲ್ಲಿ ಕೂತು ನೋಡಿದೆ. ಒಂದರ ಹಿಂದೆ ಒಂದು ಮೂರು ಸೆಟ್ಟಿಂಗ್ಸ್ ವಿಂಡೋಗಳು ತೆರೆದಿದ್ದವು. ಮೇಲಿನದರಲ್ಲಿ ಹೊಸ ವ್ಯಾಲ್ಯೂ ಹಾಕಿ ಸೇವ್ ಮಾಡಿದ್ದರು. ಆಮೇಲೆ ಹಿಂದೆ ಇದ್ದದ್ದು ಕಣ್ಣಿಗೆ ಬಿತ್ತು. ಅದರಲ್ಲೂ ಸೇವ್ ಒತ್ತಿ ಮುಚ್ಚಿದ್ದರು. ಅದರಲ್ಲಿದ್ದ ಹಳೆಯ ವ್ಯಾಲ್ಯೂಗಳು ಹೊಸದನ್ನು ಅಳಿಸಿಹಾಕಿದ್ದವು. ತಪ್ಪು ಅವರದಲ್ಲ, ನನ್ನ ಕೋಡಿನದು.

ವಿಂಡೋ ತೆರೆಯುವುದಕ್ಕೆ ಒಂದು ಸಾಲು ಸಾಕು. ಕಷ್ಟ ಇರುವುದು ಆಮೇಲೆ. ಈಗಾಗಲೇ ತೆರೆದಿದೆಯಾ, ಮುಚ್ಚಿದ ಮೇಲೆ ಏನಾಗುತ್ತದೆ, ಅದರಲ್ಲಿ ತುಂಬಿದ ವಿವರ ವಾಪಸ್ ಹೇಗೆ ಬರುತ್ತದೆ, ಮುಖ್ಯ ವಿಂಡೋ ಮುಚ್ಚಿದರೆ ಇದರ ಗತಿ ಏನು, ಇವೆಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡುವ ಟಿಕಿಂಟರ್ ಲೈಬ್ರರಿ ಬಳಸಿ ಒಂದು ಬಟನ್, ಒಂದು ಎಂಟ್ರಿ ಇಟ್ಟು ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯ ವಿಂಡೋವನ್ನು ತಾಯಿ ಅಂತಲೂ ಅದರಿಂದ ತೆರೆಯುವ ವಿಂಡೋವನ್ನು ಮರಿ ಅಂತಲೂ ಕರೆಯುತ್ತೇನೆ.

ಕೋಡ್ ಬರೆಯುವ ಮೊದಲು

ಟಿಕಿಂಟರ್‌ನಲ್ಲಿ ವಿಂಡೋವನ್ನು ನಿಜವಾಗಿ ಹಿಡಿದುಕೊಂಡಿರುವುದು ಪೈಥಾನ್ ಅಲ್ಲ. 1988ರಲ್ಲಿ ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಟಿಕಲ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯ ಕೆಲಸ ಶುರು ಮಾಡಿದರು. ಅದಕ್ಕೆ ಜೊತೆಯಾಗಿ ವಿಂಡೋ, ಬಟನ್ ಬರೆಯುವ ಟಿಕೆ ಬಂತು. ನಾವು ಪೈಥಾನ್‌ನಲ್ಲಿ ಬರೆದದ್ದನ್ನು ಟಿಕಿಂಟರ್ ಇವತ್ತಿಗೂ ಒಳಗಿರುವ ಒಂದು ಟಿಕಲ್ ಇಂಟರ್ಪ್ರಿಟರ್‌ಗೆ ದಾಟಿಸುತ್ತದೆ. ವಿಂಡೋ ಇರುವುದು ಆ ಕಡೆ. ನಮ್ಮ ವೇರಿಯಬಲ್‌ನಲ್ಲಿ ಇರುವುದು ಅದರ ಹಿಡಿಕೆ ಮಾತ್ರ.

ಇದೊಂದು ಮನಸ್ಸಿಗೆ ಹತ್ತಿದರೆ ಅರ್ಧಕ್ಕಿಂತ ಜಾಸ್ತಿ ಎರರ್‌ಗಳು ತಾವಾಗಿ ಅರ್ಥವಾಗುತ್ತವೆ. ವಿಂಡೋ ನಾಶವಾದರೂ ಹಿಡಿಕೆ ನಮ್ಮ ಕೈಯಲ್ಲೇ ಉಳಿಯುತ್ತದೆ. ಆ ಹಿಡಿಕೆ ಹಿಡಿದು ಏನಾದರೂ ಮಾಡಲು ಹೋದರೆ ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’ ಅಥವಾ ‘ಬ್ಯಾಡ್ ವಿಂಡೋ ಪಾತ್ ನೇಮ್’ ಎಂದು ಬೈಸಿಕೊಳ್ಳುತ್ತೇವೆ. ಇದರ ಉಲ್ಟಾ ಕೂಡ ಇದೆ. ಫಂಕ್ಷನ್ ಒಳಗೆ ಒಂದು ವಿಂಡೋ ಮಾಡಿ, ಫಂಕ್ಷನ್ ಮುಗಿದು ವೇರಿಯಬಲ್ ಹೋದರೂ ವಿಂಡೋ ಪರದೆ ಮೇಲೆ ಹಾಗೇ ಇರುತ್ತದೆ, ಹಿಡಿಯಲು ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ. ಈ ಎರಡು ಕಡೆಯನ್ನೂ ಹೊಂದಿಸಿಕೊಂಡು ಹೋಗುವುದೇ ಇಲ್ಲಿನ ಇಡೀ ಕೆಲಸ.

ಚಿತ್ರಗಳು ಮಾತ್ರ ಬೇರೆ ಥರ. ‘ಫೋಟೋಇಮೇಜ್’ ಹಿಡಿದಿದ್ದ ವೇರಿಯಬಲ್ ಹೋದರೆ ಚಿತ್ರವೂ ಹೋಗುತ್ತದೆ. ಮರಿ ವಿಂಡೋದಲ್ಲಿ ಐಕಾನ್ ಇರಬೇಕಾದ ಜಾಗ ಖಾಲಿ ಕಂಡರೆ ಮೊದಲು ಇದನ್ನೇ ನೋಡಿ. ಚಿತ್ರವನ್ನು ವಿಂಡೋ ಆಬ್ಜೆಕ್ಟ್‌ನ ಮೇಲೆಯೇ ಒಂದು ಹೆಸರಿಟ್ಟು ಕಟ್ಟಿಹಾಕಿದರೆ ಸರಿಹೋಗುತ್ತದೆ.

ಹೆಜ್ಜೆ 1: ‘ಟಿಕೆ’ ಒಂದೇ ಸಲ

ಹೊಸಬರು ಎರಡನೇ ವಿಂಡೋ ಬೇಕೆಂದಾಗ ಮತ್ತೊಮ್ಮೆ, ಮುಖ್ಯ ವಿಂಡೋ ಮಾಡುವ ‘ಟಿಕೆ’ಯನ್ನೇ ಕರೆಯುತ್ತಾರೆ. ವಿಂಡೋ ಬರುತ್ತದೆ, ಹಾಗಾಗಿ ಸರಿ ಅನ್ನಿಸುತ್ತದೆ. ಆದರೆ ಪ್ರತಿ ‘ಟಿಕೆ’ ಕರೆಯೂ ಬೇರೆಯೇ ಒಂದು ಟಿಕಲ್ ಇಂಟರ್ಪ್ರಿಟರ್ ಹುಟ್ಟುಹಾಕುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಮಾತುಕತೆ ಇಲ್ಲ. ತಾಯಿ ಯಾರೆಂದು ಹೇಳದೆ ಮಾಡಿದ ‘ಸ್ಟ್ರಿಂಗ್‌ವಾರ್’ (ಎಂಟ್ರಿಯ ಬರಹ ಹಿಡಿದಿಡುವ ವೇರಿಯಬಲ್) ಮೊದಲನೆಯದಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಎರಡನೆಯದರ ಎಂಟ್ರಿಗೆ ಕೊಟ್ಟಿದ್ದರೆ, ಬಳಕೆದಾರರು ಎಷ್ಟು ಟೈಪ್ ಮಾಡಿದರೂ ನಮಗೆ ಸಿಗುವುದು ಖಾಲಿ ಸ್ಟ್ರಿಂಗ್. ಎರರ್ ಕೂಡ ಬರುವುದಿಲ್ಲ. ಇದನ್ನು ಹುಡುಕುತ್ತಾ ಗಂಟೆಗಟ್ಟಲೆ ಕಳೆದವರನ್ನು ನಾನು ನೋಡಿದ್ದೇನೆ.

ಆದ್ದರಿಂದ ‘ಟಿಕೆ’ ಒಂದು, ‘ಮೇನ್‌ಲೂಪ್’ ಒಂದು. ಉಳಿದ ಎಲ್ಲ ವಿಂಡೋಗಳಿಗೂ ‘ಟಾಪ್‌ಲೆವೆಲ್’. ಅದರ ಬ್ರ್ಯಾಕೆಟ್ ಒಳಗೆ ತಾಯಿ ಯಾರೆಂದು ಬರೆದೇ ಬರೆಯಿರಿ. ಬಿಟ್ಟರೂ ನಡೆಯುತ್ತದೆ, ಆದರೆ ಪ್ರೋಗ್ರಾಂ ಬೆಳೆದಾಗ ಯಾರ ಮರಿ ಯಾವುದು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಚಿಕ್ಕ ಮಾತು. ಬಟನ್‌ನ ‘ಕಮಾಂಡ್’ಗೆ ಫಂಕ್ಷನ್ ಹೆಸರನ್ನಷ್ಟೇ ಕೊಡಿ. ಹೆಸರಿನ ಮುಂದೆ ಖಾಲಿ ಬ್ರ್ಯಾಕೆಟ್ ಹಾಕಿದರೆ ಪ್ರೋಗ್ರಾಂ ಶುರುವಾದ ತಕ್ಷಣ ಮರಿ ವಿಂಡೋ ತೆರೆಯುತ್ತದೆ, ಆಮೇಲೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ.

ಹೆಜ್ಜೆ 2: ಒಂದೇ ಸೆಟ್ಟಿಂಗ್ಸ್, ಒಂದೇ ವಿಂಡೋ

ಶುರುವಿನಲ್ಲಿ ಹೇಳಿದ ಮೂರು ವಿಂಡೋಗಳ ಕಥೆ ಇಲ್ಲಿ ಸರಿಹೋಗುತ್ತದೆ. ಮುಖ್ಯ ಪ್ರೋಗ್ರಾಂ ಅನ್ನು ಒಂದು ಕ್ಲಾಸ್ ಆಗಿ ಬರೆಯಿರಿ. ಅದರಲ್ಲಿ ಸೆಟ್ಟಿಂಗ್ಸ್ ವಿಂಡೋಗೆ ಒಂದು ಹಿಡಿಕೆ ಇಡಿ, ಮೊದಲಿಗೆ ಅದರಲ್ಲಿ ‘ನನ್’ (None), ಅಂದರೆ ಏನೂ ಇಲ್ಲ. ತೆರೆಯುವ ಮೆಥಡ್ ಹೀಗೆ ಯೋಚಿಸಬೇಕು:

ಸೆಟ್ಟಿಂಗ್ಸ್ ತೆರೆ:
— ಹಿಡಿಕೆಯಲ್ಲಿ ಏನಾದರೂ ಇದೆಯಾ? ಇದ್ದರೆ, ಆ ವಿಂಡೋ ಇನ್ನೂ ಬದುಕಿದೆಯಾ?
— ಎರಡಕ್ಕೂ ಹೌದು ಅಂದರೆ: ಅದನ್ನೇ ಮುಂದೆ ತಂದು, ಫೋಕಸ್ ಕೊಟ್ಟು, ವಾಪಸ್ ಹೋಗು.
— ಇಲ್ಲ ಅಂದರೆ: ಹೊಸ ಟಾಪ್‌ಲೆವೆಲ್ ಮಾಡಿ, ಹಿಡಿಕೆಯಲ್ಲಿ ಇಡು.

ಬದುಕಿದೆಯಾ ಎಂದು ಕೇಳುವ ಮೆಥಡ್ ‘ವಿನ್‌ಫೋ_ಎಕ್ಸಿಸ್ಟ್ಸ್’. ಹಿಡಿಕೆ ‘ನನ್’ ಅಲ್ಲ ಅನ್ನುವುದಷ್ಟೇ ಸಾಲದು. ನಾಶವಾದ ವಿಂಡೋದ ಹಿಡಿಕೆಯೂ ‘ನನ್’ ಅಲ್ಲ, ಅಲ್ವಾ? ಮುಂದೆ ತರುವಾಗ ಮೂರು ಕರೆಗಳು ಈ ಕ್ರಮದಲ್ಲೇ ಇರಲಿ: ಮೊದಲು ‘ಡೀಐಕಾನಿಫೈ’, ಆಮೇಲೆ ‘ಲಿಫ್ಟ್’, ಕೊನೆಗೆ ‘ಫೋಕಸ್_ಸೆಟ್’. ಬಳಕೆದಾರರು ಮರಿಯನ್ನು ಮಿನಿಮೈಸ್ ಮಾಡಿಟ್ಟಿದ್ದರೆ ಬರೀ ‘ಲಿಫ್ಟ್’ನಿಂದ ಅದು ಎದ್ದು ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ಬಟನ್ ಕೆಲಸ ಮಾಡುತ್ತಿಲ್ಲ ಎಂದು ಅವರು ಮತ್ತೆ ಮತ್ತೆ ಒತ್ತುತ್ತಾರೆ.

ಎಲ್ಲ ವಿಂಡೋಗೂ ಈ ನಿಯಮ ಬೇಡ. ಪುಸ್ತಕಗಳ ಪಟ್ಟಿ ಇಡುವ ಪ್ರೋಗ್ರಾಂ ಬರೆದಿದ್ದೀರಿ, ಎರಡು ಪುಸ್ತಕಗಳ ವಿವರವನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದೇ. ಆಗ ಒಂದು ಹಿಡಿಕೆಯ ಬದಲು ಡಿಕ್ಷನರಿ ಇಡಿ. ಕೀ ಜಾಗದಲ್ಲಿ ಪುಸ್ತಕದ ಗುರುತು ಸಂಖ್ಯೆ, ಅದರ ಎದುರು ವಿಂಡೋ. ಒಂದು ಪುಸ್ತಕಕ್ಕೆ ಒಂದೇ ವಿಂಡೋ, ಬೇರೆ ಪುಸ್ತಕಕ್ಕೆ ಬೇರೆ ವಿಂಡೋ.

ಹೆಜ್ಜೆ 3: ಮುಚ್ಚುವುದಕ್ಕೆ ಒಂದೇ ಬಾಗಿಲು

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಮರಿ ವಿಂಡೋ ಮುಚ್ಚಲು ಬಳಕೆದಾರರಿಗೆ ಹಲವು ದಾರಿಗಳಿವೆ. ಟೈಟಲ್ ಬಾರ್‌ನ ಗುಣಿಸು ಗುರುತು, ಕ್ಯಾನ್ಸಲ್ ಬಟನ್, ಎಸ್ಕೇಪ್ ಕೀ. ಎಲ್ಲವೂ ಒಂದೇ ಮೆಥಡ್‌ಗೆ ಬಂದು ಸೇರಬೇಕು. ಅದನ್ನು ‘ಮುಚ್ಚು’ ಎಂದುಕೊಳ್ಳೋಣ.

ಟೈಟಲ್ ಬಾರ್‌ನ ಗುರುತನ್ನು ಹಿಡಿಯಲು ‘ಪ್ರೋಟೋಕಾಲ್’ ಎಂಬ ಮೆಥಡ್ ಇದೆ. ಅದಕ್ಕೆ ‘ಡಬ್ಲ್ಯೂಎಂ_ಡಿಲೀಟ್_ವಿಂಡೋ’ ಎಂಬ ಹೆಸರನ್ನು ಎಲ್ಲ ದೊಡ್ಡಕ್ಷರಗಳಲ್ಲಿ ಕೊಟ್ಟು, ಜೊತೆಗೆ ನಮ್ಮ ‘ಮುಚ್ಚು’ ಮೆಥಡ್ ಕೊಡಬೇಕು. ಇಲ್ಲಿ ಒಂದು ಎಚ್ಚರ. ನೀವು ಇದನ್ನು ಕಟ್ಟಿದ ಕ್ಷಣದಿಂದ ವಿಂಡೋ ತಾನಾಗಿ ಮುಚ್ಚುವುದಿಲ್ಲ. ‘ಮುಚ್ಚು’ ಒಳಗೆ ‘ಡಿಸ್ಟ್ರಾಯ್’ ಕರೆಯಲು ಮರೆತರೆ, ಬಳಕೆದಾರರು ಎಷ್ಟು ಒತ್ತಿದರೂ ವಿಂಡೋ ಅಲ್ಲಾಡುವುದಿಲ್ಲ.

‘ಮುಚ್ಚು’ ಮಾಡಬೇಕಾದ ಕೆಲಸ ಇಷ್ಟು. ಸೇವ್ ಆಗದ ಬದಲಾವಣೆ ಇದ್ದರೆ ಕೇಳಬೇಕು. ಇದಕ್ಕೆ ‘ಮೆಸೇಜ್‌ಬಾಕ್ಸ್’ನ ‘ಆಸ್ಕ್‌ಯೆಸ್‌ನೋಕ್ಯಾನ್ಸಲ್’ ಸರಿಯಾಗಿ ಹೊಂದುತ್ತದೆ. ಹೌದು ಅಂದರೆ ‘ಟ್ರೂ’, ಬೇಡ ಅಂದರೆ ‘ಫಾಲ್ಸ್’, ಕ್ಯಾನ್ಸಲ್ ಅಂದರೆ ‘ನನ್’ ಕೊಡುತ್ತದೆ. ‘ಫಾಲ್ಸ್’ ಮತ್ತು ‘ನನ್’ ಎರಡನ್ನೂ ಒಂದೇ ‘ಇಫ್ ನಾಟ್’ನಲ್ಲಿ ಹಿಡಿಯಬೇಡಿ. ಹಾಗೆ ಮಾಡಿದರೆ ಕ್ಯಾನ್ಸಲ್ ಒತ್ತಿದವರ ಬರಹವೂ ಸೇವ್ ಆಗದೆ ಹೋಗುತ್ತದೆ. ‘ನನ್’ ಬಂತಾ ಎಂದು ಮೊದಲು ನೋಡಿ, ಬಂದಿದ್ದರೆ ಏನೂ ಮಾಡದೆ ಹಿಂತಿರುಗಿ.

ಮುಂದಿನದು ಟೈಮರ್. ಮರಿಯಲ್ಲಿ ಗಡಿಯಾರ ಓಡುತ್ತಿದೆ, ಅದರ ಫಂಕ್ಷನ್ ಪ್ರತಿ 1000 ಮಿಲಿಸೆಕೆಂಡಿಗೆ ‘ಆಫ್ಟರ್’ ಮೂಲಕ ತನ್ನನ್ನೇ ಮತ್ತೆ ಕರೆಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ವಿಂಡೋ ಮುಚ್ಚಿದರೂ ಕೊನೆಯ ಸಲ ನಿಗದಿಯಾದ ಕರೆ ಕಾಯುತ್ತಲೇ ಇರುತ್ತದೆ. ಒಂದು ಸೆಕೆಂಡ್ ಕಳೆದ ಮೇಲೆ ಇಲ್ಲದ ಲೇಬಲ್‌ಗೆ ಸಮಯ ಬರೆಯಲು ಹೋಗಿ ಟರ್ಮಿನಲ್‌ನಲ್ಲಿ ಎರರ್ ಬೀಳುತ್ತದೆ. ‘ಆಫ್ಟರ್’ ಪ್ರತಿ ಸಲ ಒಂದು ಗುರುತು ಕೊಡುತ್ತದೆ. ಅದನ್ನು ಇಟ್ಟುಕೊಂಡು, ಮುಚ್ಚುವಾಗ ‘ಆಫ್ಟರ್_ಕ್ಯಾನ್ಸಲ್’ಗೆ ಕೊಡಿ. ಇದಾದ ಮೇಲೆ ‘ಡಿಸ್ಟ್ರಾಯ್’. ಕೊನೆಗೆ ಹಿಡಿಕೆಗೆ ಮತ್ತೆ ‘ನನ್’.

‘ಡಿಸ್ಟ್ರಾಯ್’ ಎಂಬ ಹೆಸರಿನ ಈವೆಂಟ್ ಕೂಡ ಇದೆ. ಕೆಲವರು ಮರಿ ವಿಂಡೋಗೆ ಅದನ್ನು ‘ಬೈಂಡ್’ ಮಾಡುತ್ತಾರೆ. ಟಾಪ್‌ಲೆವೆಲ್‌ಗೆ ಕಟ್ಟಿದ ಬೈಂಡ್ ಅದರೊಳಗಿನ ಪ್ರತಿ ಬಟನ್, ಲೇಬಲ್‌ಗೂ ತಗುಲುತ್ತದೆ. ಹತ್ತು ವಿಜೆಟ್ ಇದ್ದರೆ ಫಂಕ್ಷನ್ ಹನ್ನೊಂದು ಸಲ ಓಡುತ್ತದೆ. ಬಳಸಲೇಬೇಕೆಂದರೆ ಈವೆಂಟ್‌ನ ‘ವಿಜೆಟ್’ ನಮ್ಮ ವಿಂಡೋನೇ ಹೌದಾ ಎಂದು ಮೊದಲು ನೋಡಿ.

ನಾಶ ಮಾಡಬೇಕಾ, ಬಚ್ಚಿಡಬೇಕಾ? ‘ವಿತ್‌ಡ್ರಾ’ ವಿಂಡೋವನ್ನು ಕಣ್ಣಿಂದ ಮರೆ ಮಾಡುತ್ತದೆ, ಒಳಗಿರುವುದೆಲ್ಲ ಹಾಗೇ ಇರುತ್ತದೆ. ಹುಡುಕುವ ವಿಂಡೋಗೆ ಇದು ಚೆಂದ, ಹಿಂದೆ ಹುಡುಕಿದ ಪದ ಅಲ್ಲೇ ಕಾದಿರುತ್ತದೆ. ಸೆಟ್ಟಿಂಗ್ಸ್‌ಗೆ ಬೇಡ. ಪ್ರತಿ ಸಲ ಹೊಸದಾಗಿ ಕಟ್ಟಿ, ಈಗಿನ ವ್ಯಾಲ್ಯೂಗಳನ್ನೇ ಓದಿ ತೋರಿಸುವುದು ಒಳ್ಳೆಯದು.

ಹೆಜ್ಜೆ 4: ತಾಯಿಯನ್ನು ತಡೆದು ನಿಲ್ಲಿಸಬೇಕಾದಾಗ

ಕೆಲವು ವಿಂಡೋಗಳು ಉತ್ತರ ಸಿಗುವವರೆಗೆ ಹಿಂದಿನದನ್ನು ಮುಟ್ಟಲು ಬಿಡಬಾರದು. ‘ಹೊಸ ಪುಸ್ತಕ ಸೇರಿಸು’ ಅಂಥದ್ದು. ಇದಕ್ಕೆ ಮೂರು ಕರೆಗಳು ಬೇಕು, ಮೂರರ ಕೆಲಸವೂ ಬೇರೆ.

‘ಟ್ರಾನ್ಸಿಯೆಂಟ್’ಗೆ ತಾಯಿಯನ್ನು ಕೊಟ್ಟರೆ ಮರಿ ಅವಳ ಮೇಲೆಯೇ ಇರುತ್ತದೆ. ತಾಯಿ ಮಿನಿಮೈಸ್ ಆದರೆ ಮರಿಯೂ ಆಗುತ್ತದೆ. ‘ಗ್ರ್ಯಾಬ್_ಸೆಟ್’ ನಮ್ಮ ಪ್ರೋಗ್ರಾಂನ ಬೇರೆ ವಿಂಡೋಗಳಿಗೆ ಕ್ಲಿಕ್ ಹೋಗದಂತೆ ತಡೆಯುತ್ತದೆ. ‘ವೇಟ್_ವಿಂಡೋ’ ಮರಿ ನಾಶವಾಗುವವರೆಗೆ ಆ ಸಾಲಿನಲ್ಲೇ ಕಾಯುತ್ತದೆ. ಕಾಯುತ್ತದೆ ಅಂದರೆ ಪ್ರೋಗ್ರಾಂ ನಿಂತುಹೋಗುತ್ತದೆ ಅಂತಲ್ಲ. ಒಳಗೆ ಈವೆಂಟ್‌ಗಳು ಓಡುತ್ತಲೇ ಇರುತ್ತವೆ, ಬಟನ್‌ಗಳು ಕೆಲಸ ಮಾಡುತ್ತವೆ.

ಕಾಲು ಜಾರುವ ಜಾಗಗಳು ಇಲ್ಲಿ ಜಾಸ್ತಿ. ವಿಂಡೋಸ್‌ನಲ್ಲಿ ಸರಿಯಾಗಿ ಓಡಿದ ಕೋಡ್ ಲಿನಕ್ಸ್‌ನಲ್ಲಿ ‘ಗ್ರ್ಯಾಬ್ ಫೇಲ್ಡ್: ವಿಂಡೋ ನಾಟ್ ವ್ಯೂಎಬಲ್’ ಎಂದು ಬೀಳಬಹುದು. ವಿಂಡೋ ಪರದೆಗೆ ಬರುವ ಮೊದಲೇ ನಾವು ಗ್ರ್ಯಾಬ್ ಕೇಳಿದ್ದೇ ಕಾರಣ. ಅದರ ಹಿಂದಿನ ಸಾಲಿನಲ್ಲಿ ‘ವೇಟ್_ವಿಸಿಬಿಲಿಟಿ’ ಹಾಕಿ. ಇನ್ನೊಂದು, ತಾಯಿಯನ್ನೇ ‘ವಿತ್‌ಡ್ರಾ’ ಮಾಡಿ ಬಚ್ಚಿಟ್ಟಿದ್ದರೆ ಟ್ರಾನ್ಸಿಯೆಂಟ್ ಮರಿಯೂ ಕಾಣುವುದಿಲ್ಲ, ಏಕೆಂದರೆ ಅದು ತಾಯಿಯ ಸ್ಥಿತಿಯನ್ನೇ ಅನುಸರಿಸುತ್ತದೆ. ಮೊದಲು ಲಾಗಿನ್ ವಿಂಡೋ ತೋರಿಸಿ ಆಮೇಲೆ ಮುಖ್ಯ ವಿಂಡೋ ತೆರೆಯೋಣ ಎಂದು ಹೊರಟವರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ. ತಾಯಿ ಪರದೆ ಮೇಲೆ ಇದ್ದಾಳಾ ಎಂದು ‘ವಿನ್‌ಫೋ_ವ್ಯೂಎಬಲ್’ನಿಂದ ಕೇಳಿ, ಇದ್ದರೆ ಮಾತ್ರ ‘ಟ್ರಾನ್ಸಿಯೆಂಟ್’ ಮಾಡಿ.

ಗ್ರ್ಯಾಬ್ ಹಿಡಿದ ಮರಿಯಿಂದ ಇನ್ನೊಂದು ಮರಿ ತೆರೆದು ಅದೂ ಗ್ರ್ಯಾಬ್ ಹಿಡಿದರೆ? ಒಳಗಿನದು ಮುಚ್ಚಿದಾಗ ಗ್ರ್ಯಾಬ್ ಹೊರಗಿನದಕ್ಕೆ ತಾನಾಗಿ ವಾಪಸ್ ಬರುವುದಿಲ್ಲ. ಒಳಗಿನದರ ‘ವೇಟ್_ವಿಂಡೋ’ ಮುಗಿದ ಮೇಲೆ ಹೊರಗಿನದರಲ್ಲಿ ಮತ್ತೆ ‘ಗ್ರ್ಯಾಬ್_ಸೆಟ್’ ಕರೆಯಬೇಕು.

ನಿಜ ಹೇಳಬೇಕೆಂದರೆ, ತಡೆಯುವ ವಿಂಡೋಗಳನ್ನು ಕಮ್ಮಿ ಬಳಸಿದಷ್ಟೂ ಒಳ್ಳೆಯದು. ಫಾರ್ಮ್ ತುಂಬುತ್ತಿರುವಾಗ ಹಿಂದಿನ ಪಟ್ಟಿಯಲ್ಲಿ ಏನೋ ನೋಡಬೇಕೆನಿಸುತ್ತದೆ, ಪಟ್ಟಿಯನ್ನು ಸರಿಸಲೂ ಆಗುವುದಿಲ್ಲ. ಬಳಸುವವರಿಗೆ ಅದು ಕೈ ಕಟ್ಟಿಹಾಕಿದ ಹಾಗೆ.

ಹೆಜ್ಜೆ 5: ತುಂಬಿದ್ದನ್ನು ವಾಪಸ್ ತರುವುದು

ತಡೆಯುವ ವಿಂಡೋ ಆದರೆ ಸುಲಭ. ಮರಿಯ ಕ್ಲಾಸ್‌ನಲ್ಲಿ ‘ಫಲಿತಾಂಶ’ ಎಂಬ ಹೆಸರಿಟ್ಟು, ಶುರುವಿನಲ್ಲಿ ‘ನನ್’ ಇಡಿ. ಸೇವ್ ಒತ್ತಿದಾಗ ಎಂಟ್ರಿಗಳನ್ನು ಓದಿ ಅದರಲ್ಲಿ ತುಂಬಿ, ಆಮೇಲೆ ‘ಡಿಸ್ಟ್ರಾಯ್’. ತಾಯಿ ‘ವೇಟ್_ವಿಂಡೋ’ ಮುಗಿದ ಮೇಲೆ ‘ಫಲಿತಾಂಶ’ ನೋಡುತ್ತಾಳೆ. ‘ನನ್’ ಇದ್ದರೆ ಕ್ಯಾನ್ಸಲ್ ಆಗಿದೆ ಎಂದರ್ಥ. ಪೈಥಾನ್ ಆಬ್ಜೆಕ್ಟ್ ವಿಂಡೋ ಹೋದ ಮೇಲೂ ಇರುತ್ತದೆ ಎಂದು ಮೇಲೆ ಹೇಳಿದೆನಲ್ಲ, ಇಲ್ಲಿ ಅದು ನಮಗೆ ಅನುಕೂಲ. ಓದುವುದು ಮೊದಲು, ನಾಶ ಆಮೇಲೆ, ಇದು ತಪ್ಪಬಾರದು. ನಾಶವಾದ ಎಂಟ್ರಿಯ ‘ಗೆಟ್’ ಕರೆದರೆ ಎರರ್.

ತಡೆಯದ ವಿಂಡೋ ಆದರೆ ತಾಯಿ ಕಾಯುವುದಿಲ್ಲ. ಆಗ ಮರಿಯನ್ನು ಮಾಡುವಾಗಲೇ ಅದರ ಕೈಗೆ ತಾಯಿಯ ಒಂದು ಮೆಥಡ್ ಕೊಡಿ. ಸೇವ್ ಒತ್ತಿದಾಗ ಮರಿ ಆ ಮೆಥಡ್ ಕರೆದು ವಿವರ ಒಪ್ಪಿಸುತ್ತದೆ. ಮರಿಯೇ ತಾಯಿಯ ಒಳಗೆ ಕೈಹಾಕಿ ಅವಳ ಲಿಸ್ಟ್‌ಬಾಕ್ಸ್ ತಿದ್ದುವ ಹಾಗೆ ಬರೆಯಬೇಡಿ. ಮುಂದೆ ಲಿಸ್ಟ್‌ಬಾಕ್ಸ್ ತೆಗೆದು ಟ್ರೀವ್ಯೂ ಹಾಕಿದ ದಿನ ಎಲ್ಲ ಮರಿಗಳನ್ನೂ ತೆರೆದು ತಿದ್ದಬೇಕಾಗುತ್ತದೆ.

ಹೆಜ್ಜೆ 6: ಸರಿಯಾದ ಜಾಗದಲ್ಲಿ ಕೂರಿಸುವುದು

ಮರಿ ಪರದೆಯ ಮೂಲೆಯಲ್ಲಿ ಒಂದು ಕ್ಷಣ ಮಿಂಚಿ, ಆಮೇಲೆ ನಡುವಿಗೆ ಹಾರುವುದನ್ನು ನೀವು ನೋಡಿರುತ್ತೀರಿ. ತಪ್ಪಿಸುವುದು ಸುಲಭ. ಟಾಪ್‌ಲೆವೆಲ್ ಮಾಡಿದ ಕೂಡಲೇ ‘ವಿತ್‌ಡ್ರಾ’. ಮರೆಯಲ್ಲೇ ಎಲ್ಲ ವಿಜೆಟ್‌ಗಳನ್ನು ಜೋಡಿಸಿ. ‘ಅಪ್‌ಡೇಟ್_ಐಡಲ್‌ಟಾಸ್ಕ್ಸ್’ ಕರೆಯಿರಿ, ಆಗ ವಿಂಡೋಗೆ ಎಷ್ಟು ಜಾಗ ಬೇಕೆಂದು ಲೆಕ್ಕ ಆಗುತ್ತದೆ. ಜಾಗ ಕೂಡಿಸಿ ‘ಜಿಯಾಮೆಟ್ರಿ’ಗೆ ಕೊಟ್ಟು, ಕೊನೆಯಲ್ಲಿ ‘ಡೀಐಕಾನಿಫೈ’. ಗ್ರ್ಯಾಬ್ ಬೇಕಿದ್ದರೆ ಅದು ಇದರ ನಂತರ.

ಲೆಕ್ಕ ಹೀಗೆ. ತಾಯಿಯ ‘ವಿನ್‌ಫೋ_ರೂಟ್‌ಎಕ್ಸ್’ 400, ‘ವಿನ್‌ಫೋ_ರೂಟ್‌ವೈ’ 200, ಅಗಲ 800, ಎತ್ತರ 600 ಇರಲಿ. ಮರಿಗೆ ಬೇಕಾದದ್ದು 300 ಅಗಲ, 180 ಎತ್ತರ. ಇದನ್ನು ‘ವಿನ್‌ಫೋ_ರೆಕ್‌ವಿಡ್ತ್’ ಮತ್ತು ‘ವಿನ್‌ಫೋ_ರೆಕ್‌ಹೈಟ್’ ಹೇಳುತ್ತವೆ. 800ರಲ್ಲಿ 300 ಕಳೆದರೆ 500, ಅರ್ಧ 250, 400ಕ್ಕೆ ಕೂಡಿಸಿದರೆ 650. ಅದೇ ರೀತಿ 600ರಲ್ಲಿ 180 ಹೋದರೆ 420, ಅರ್ಧ 210, 200 ಸೇರಿ 410. ‘ಜಿಯಾಮೆಟ್ರಿ’ಗೆ ‘+650+410’ ಅಂತ ಕೊಟ್ಟರೆ ಮರಿ ತಾಯಿಯ ನಡುವೆ ಕೂರುತ್ತದೆ. ಅಗಲ ಎತ್ತರವನ್ನು ನಾನು ಬೇಕಂತಲೇ ಕೊಡುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಫಾಂಟ್ ದೊಡ್ಡದಿದ್ದರೆ ಬಟನ್‌ಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ.

ಪರದೆಯ ನಡುವೆ ಬೇಡ, ತಾಯಿಯ ನಡುವೆ ಇಡಿ ಎನ್ನುವುದಕ್ಕೂ ಕಾರಣ ಇದೆ. ಎರಡು ಮಾನಿಟರ್ ಇರುವ ಕಡೆ ಪರದೆಯ ಅಗಲ ಎರಡೂ ಸೇರಿ ಬರಬಹುದು. ಆಗ ನಡು ಅಂದರೆ ಎರಡು ಮಾನಿಟರ್ ಸೇರುವ ಅಂಚು. ಇನ್ನು, ತಾಯಿ ಎಡಗಡೆಯ ಮಾನಿಟರ್‌ನಲ್ಲಿದ್ದರೆ ಲೆಕ್ಕದ ಉತ್ತರ ಮೈನಸ್ ಬರುವುದುಂಟು. ಮೈನಸ್ 900 ಬಂದರೆ ‘+-900’ ಎಂದೇ ಬರೆಯಬೇಕು, ಪ್ಲಸ್ ಆದ ಮೇಲೆ ಮೈನಸ್. ಬರೀ ‘-900’ ಅಂದರೆ ಟಿಕೆ ಅದನ್ನು ಪರದೆಯ ಬಲ ಅಂಚಿನಿಂದ 900 ಪಿಕ್ಸೆಲ್ ಎಂದು ತಿಳಿಯುತ್ತದೆ.

ಮೆಸೇಜ್‌ಬಾಕ್ಸ್, ಫೈಲ್ ಡೈಲಾಗ್ ಬಳಸುವಾಗ ‘ಪೇರೆಂಟ್’ ಎಂದು ಮರಿ ವಿಂಡೋವನ್ನು ಕೊಡಿ. ಇಲ್ಲದಿದ್ದರೆ ಅವು ಮುಖ್ಯ ವಿಂಡೋಗೆ ಅಂಟಿಕೊಂಡು, ಮರಿ ಹಿಂದೆ ಸರಿಯಬಹುದು.

ಹೆಜ್ಜೆ 7: ತಾಯಿ ಹೊರಡುವಾಗ

ಮುಖ್ಯ ವಿಂಡೋ ನಾಶವಾದರೆ ಅದರ ಮರಿಗಳೆಲ್ಲವೂ ನಾಶವಾಗುತ್ತವೆ. ಆದರೆ ಆಗ ಮರಿಗಳ ‘ಪ್ರೋಟೋಕಾಲ್’ಗೆ ಕಟ್ಟಿದ ‘ಮುಚ್ಚು’ ಓಡುವುದಿಲ್ಲ. ಅದು ಟೈಟಲ್ ಬಾರ್‌ನ ಕೋರಿಕೆಗೆ ಮಾತ್ರ. ಅಂದರೆ ಮರಿಯಲ್ಲಿ ಅರ್ಧ ಬರೆದ ವಿವರ ಯಾರಿಗೂ ಹೇಳದೆ ಮಾಯ. ಬಳಕೆದಾರರ ಬರಹ ಕಳೆಯುವುದಕ್ಕಿಂತ ದೊಡ್ಡ ತಪ್ಪು ನನಗೆ ತೋಚುವುದಿಲ್ಲ. ಹಾಗಾಗಿ ತಾಯಿಗೂ ತನ್ನದೇ ‘ಮುಚ್ಚು’ ಇರಬೇಕು. ಅದು ತೆರೆದಿರುವ ಪ್ರತಿ ಮರಿಯ ‘ಮುಚ್ಚು’ ಕರೆಯಬೇಕು. ಯಾವುದಾದರೂ ಒಂದು ಮರಿ ಕ್ಯಾನ್ಸಲ್ ಅಂದರೆ ತಾಯಿಯೂ ನಿಲ್ಲಬೇಕು. ಇದಕ್ಕಾಗಿ ಮರಿಯ ‘ಮುಚ್ಚು’ ನಿಜವಾಗಿ ಮುಚ್ಚಿದರೆ ‘ಟ್ರೂ’, ಇಲ್ಲದಿದ್ದರೆ ‘ಫಾಲ್ಸ್’ ಹಿಂತಿರುಗಿಸುವ ಹಾಗೆ ಬರೆಯಿರಿ. ಡಿಕ್ಷನರಿಯಲ್ಲಿ ಇಟ್ಟ ಮರಿಗಳ ಮೇಲೆ ಲೂಪ್ ಓಡಿಸುವಾಗ ಮೊದಲು ಅವನ್ನು ಒಂದು ಲಿಸ್ಟ್‌ಗೆ ನಕಲು ಮಾಡಿಕೊಳ್ಳಿ. ಮುಚ್ಚಿದ ಮರಿ ತನ್ನನ್ನು ಡಿಕ್ಷನರಿಯಿಂದ ತೆಗೆದುಹಾಕಿದರೆ ನಡುವೆಯೇ ಲೂಪ್ ಮುರಿಯುತ್ತದೆ.

ತಡೆಯುವ ಮರಿ ತೆರೆದಿದ್ದಾಗ ತಾಯಿಯ ಟೈಟಲ್ ಬಾರ್ ಒತ್ತಲು ಆಗುವುದಿಲ್ಲ ಎಂದು ನಂಬಿಕೊಳ್ಳಬೇಡಿ. ಟೈಟಲ್ ಬಾರ್ ಆಪರೇಟಿಂಗ್ ಸಿಸ್ಟಂ ಕೈಯಲ್ಲಿದೆ. ‘ವೇಟ್_ವಿಂಡೋ’ ಮುಗಿದ ಮೇಲಿನ ಸಾಲುಗಳು ಓಡುವಷ್ಟರಲ್ಲಿ ತಾಯಿಯೇ ಇಲ್ಲದಿರಬಹುದು.

ಹಿನ್ನೆಲೆಯಲ್ಲಿ ಥ್ರೆಡ್ (ಮುಖ್ಯ ಕೋಡಿನ ಜೊತೆಗೇ ಬೇರೆಯಾಗಿ ನಡೆಯುವ ಕೆಲಸ) ಓಡುತ್ತಿದ್ದರೆ ಅದರಿಂದ ನೇರವಾಗಿ ಮರಿಯ ಪ್ರೋಗ್ರೆಸ್ ಬಾರ್ ಮುಟ್ಟಬೇಡಿ. ಥ್ರೆಡ್ ತನ್ನ ಪ್ರಗತಿಯನ್ನು ಒಂದು ‘ಕ್ಯೂ’ಗೆ ಹಾಕಲಿ, ಮರಿ 100 ಮಿಲಿಸೆಕೆಂಡಿಗೊಮ್ಮೆ ‘ಆಫ್ಟರ್’ನಿಂದ ಅದನ್ನು ನೋಡಲಿ.

ಬೇರೆಯವರಿಗೆ ಕೊಡುವ ಮೊದಲು

ಕೋಡ್ ಮುಗಿದ ಮೇಲೆ ನಾನು ಟರ್ಮಿನಲ್ ಪಕ್ಕದಲ್ಲಿಟ್ಟುಕೊಂಡು ಪ್ರತಿ ಮರಿಗೂ ಇಷ್ಟು ಮಾಡಿ ನೋಡುತ್ತೇನೆ. ಬಟನ್ ಅನ್ನು ಬೇಗ ಬೇಗ ಮೂರು ಸಲ ಒತ್ತುತ್ತೇನೆ. ಗುಣಿಸು ಗುರುತಿನಿಂದ ಮುಚ್ಚಿ ಮತ್ತೆ ತೆರೆಯುತ್ತೇನೆ, ಎಸ್ಕೇಪ್‌ನಿಂದ ಮುಚ್ಚಿ ಮತ್ತೆ ತೆರೆಯುತ್ತೇನೆ. ಮಿನಿಮೈಸ್ ಮಾಡಿ ಮತ್ತೆ ಬಟನ್ ಒತ್ತುತ್ತೇನೆ. ಏನಾದರೂ ಅರ್ಧ ಟೈಪ್ ಮಾಡಿ ಮುಖ್ಯ ವಿಂಡೋ ಮುಚ್ಚಲು ಹೋಗಿ, ಕ್ಯಾನ್ಸಲ್ ಅನ್ನುತ್ತೇನೆ. ಟೈಪ್ ಮಾಡಿದ್ದು ಅಲ್ಲೇ ಇರಬೇಕು. ಎಲ್ಲ ಮುಚ್ಚಿದ ಮೇಲೆ ಟರ್ಮಿನಲ್‌ನಲ್ಲಿ ಒಂದೂ ಎರರ್ ಸಾಲು ಇರಬಾರದು, ಕರ್ಸರ್ ವಾಪಸ್ ಪ್ರಾಂಪ್ಟ್‌ಗೆ ಬಂದಿರಬೇಕು. ಪ್ರಾಂಪ್ಟ್ ಬರದೆ ನಿಂತಿದ್ದರೆ ಎಲ್ಲೋ ಒಂದು ವಿಂಡೋ ‘ವಿತ್‌ಡ್ರಾ’ ಆಗಿ ಕಾಣದೆ ಉಳಿದಿದೆ ಅಥವಾ ಒಂದು ಥ್ರೆಡ್ ಇನ್ನೂ ಓಡುತ್ತಿದೆ. ಅದನ್ನು ಹುಡುಕಿ ತೆಗೆಯುವವರೆಗೆ ನಾನು ಪ್ರೋಗ್ರಾಂ ಅನ್ನು ಯಾರಿಗೂ ಕಳಿಸುವುದಿಲ್ಲ.